ಯಕ್ಷಗಾನದ ವಿಡಿಯೊ ನಮ್ಮ ವೆಬ್‌ಸೈಟಿನಲ್ಲಿ ನಿಂತು ನಿಂತು ಓಡುತ್ತದೆ, ಏನು ಮಾಡಲಿ?

ಉಡುಪಿಯಲ್ಲಿ ತೆಗೆದ ಆಟವನ್ನು ಕ್ಯಾಮೆರಾದಿಂದ ಬಂದ ಹಾಗೆಯೇ ಏರಿಸಿದ್ದೀರಿ, ಫೈಲು ತೀರಾ ದೊಡ್ಡದು, ಸಮಸ್ಯೆ ಅದೇ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಂಪಿ4 (ಫೈಲಿನ ಬಗೆ), ಎಚ್.264 (ವಿಡಿಯೊ ಕುಗ್ಗಿಸುವ ವಿಧಾನ), 720ಪಿ (ಚಿತ್ರದ ಅಳತೆ) ಆರಿಸಿ. ಎವಿ1 ಎಂಬ ಹೊಸ ವಿಧಾನ ಇನ್ನೂ ಚಿಕ್ಕದಾಗಿಸುತ್ತದೆ ನಿಜ, ಆದರೆ ಹಳೆಯ ಫೋನುಗಳಿಗೆ ಅದು ಭಾರ.

ಗುಣಮಟ್ಟದ ಆರ್‌ಎಫ್ ಅಂಕ 22ರ ಆಸುಪಾಸು ಇರಲಿ. ಅಂಕ ಏರಿದಷ್ಟೂ ಫೈಲು ಸಣ್ಣದು, ಚಿತ್ರ ಮಸುಕು. ಧಿಗಿಣ (ಗಿರಗಿರನೆ ಸುತ್ತುವ ಕುಣಿತ) ಹೊಡೆಯುವಾಗ ಫ್ರೇಮಿನಿಂದ ಫ್ರೇಮಿಗೆ ಬಹುತೇಕ ಎಲ್ಲವೂ ಬದಲಾಗುವುದರಿಂದ ಚಿತ್ರ ಮೊದಲು ಒಡೆಯುವುದು ಅಲ್ಲೇ. ಇಡೀ ರಾತ್ರಿಯ ಆಟಕ್ಕೆ ಕೈಹಾಕುವ ಮೊದಲು ಆ ತುಣುಕನ್ನು ಮಾತ್ರ ಪರೀಕ್ಷಿಸಿ.

‘ವೆಬ್ ಆಪ್ಟಿಮೈಸ್ಡ್’ಗೆ ಗುರುತು ಹಾಕಲು ಮರೆಯಬೇಡಿ. ಫೈಲಿನ ಸೂಚಿ ಕೊನೆಯಿಂದ ಮೊದಲಿಗೆ ಬರುತ್ತದೆ, ಪೂರ್ತಿ ಇಳಿಯುವ ಮುನ್ನವೇ ಓಡತೊಡಗುತ್ತದೆ. ಧ್ವನಿಗೆ ಎಎಸಿ ವಿಧಾನ, ಸೆಕೆಂಡಿಗೆ 160 ಕಿಲೋಬಿಟ್ (ಕೆಬಿಪಿಎಸ್) ಇರಲಿ; ತೀರಾ ಇಳಿಸಿದರೆ ಚೆಂಡೆ ಕೇಳಲಾಗದು ಮಾರಾಯ್ರೆ.