ಅಡಿಕೆ ಬಿಲ್ಲು, ಆರ್‌ಟಿಸಿ ಮತ್ತು ಷೆಂಗೆನ್ ವೀಸಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕಾರ್ಕಳ ತಾಲ್ಲೂಕಿನ ಅಡಿಕೆ ಕೃಷಿಕ ದಂಪತಿ. ಬರುವ ಮೇ ತಿಂಗಳ ಮೊದಲೆರಡು ವಾರ ಯುರೋಪ್ ನೋಡಿಬರುವ ಆಸೆಯಿದೆ. ಪ್ಯಾರಿಸ್‌ನಲ್ಲಿ ಇಳಿದು ಫ್ರಾನ್ಸಿನಲ್ಲಿ 4 ದಿನ, ಸ್ವಿಟ್ಜರ್ಲೆಂಡಿನಲ್ಲಿ 6 ದಿನ, ಇಟಲಿಯಲ್ಲಿ 4 ದಿನ ಇರುತ್ತೇವೆ. ನಾವು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವವರಲ್ಲ, ಸಂಬಳದ ಚೀಟಿಯಂತೂ ಇಲ್ಲವೇ ಇಲ್ಲ. ಅಲ್ಲಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಖಾತೆಯಲ್ಲಿ ಒಂದು ತಿಂಗಳು 5 ಲಕ್ಷ ರೂಪಾಯಿ ಇಟ್ಟು ತೋರಿಸಿದರೆ ಸಾಕು, ಬೇಕಾದರೆ ಆ ಹಣವನ್ನೂ ತಾವೇ ಒದಗಿಸುವುದಾಗಿ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಅರ್ಜಿಯನ್ನು ಯಾವ ದೇಶಕ್ಕೆ, ಯಾವಾಗ ಹಾಕಬೇಕು?

ಉತ್ತರ: ಏಜೆಂಟರ ಮಾತನ್ನು ದಯವಿಟ್ಟು ಕೇಳಬೇಡಿ. ಬೇರೆಯವರ ಹಣವನ್ನು ತಂದು ಖಾತೆಯಲ್ಲಿಟ್ಟು ತಮ್ಮದೆಂದು ತೋರಿಸುವುದು ಸುಳ್ಳು ಹೇಳಿದಂತೆಯೇ. ಅದು ಗೊತ್ತಾದರೆ ನಿಮ್ಮ ಅರ್ಜಿಯಲ್ಲಿರುವ ನಿಜವಾದ ಕಾಗದಗಳನ್ನೂ ಯಾರೂ ನಂಬುವುದಿಲ್ಲ. ಗೊತ್ತಾಗುವುದೂ ಕಷ್ಟವಲ್ಲ. ಮೂರರಿಂದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವ ಅಧಿಕಾರಿಯ ಕಣ್ಣು ಮೊದಲು ಹೋಗುವುದು ಇದ್ದಕ್ಕಿದ್ದಂತೆ ಬಂದು ಬಿದ್ದ ದೊಡ್ಡ ಮೊತ್ತದ ಮೇಲೆ.

ಆದರೆ ನಿಮ್ಮ ನಿಜವಾದ ತೊಡಕೂ ಇಲ್ಲಿಯೇ ಇದೆ. ಸಂಬಳದವರಿಗೆ ತಿಂಗಳು ತಿಂಗಳು ಹಣ ಬರುತ್ತದೆ. ಅಡಿಕೆ ಬೆಳೆಯುವವರು ದರ ನೋಡಿಕೊಂಡು ಮಾಲು ಕೊಡುವುದರಿಂದ, ನಾಲ್ಕು ತಿಂಗಳು ಏನೂ ಬಾರದ ಖಾತೆಗೆ ಐದನೆಯ ತಿಂಗಳಲ್ಲಿ ಒಮ್ಮೆಲೇ ಲಕ್ಷಗಟ್ಟಲೆ ಜಮೆಯಾಗುತ್ತದೆ. ನಮ್ಮ ಊರಿನ ಆರ್ಥಿಕತೆಯನ್ನು ಬಲ್ಲವರಿಗೆ ಇದು ಸಹಜ. ದೂರದ ರಾಯಭಾರ ಕಚೇರಿಯಲ್ಲಿ ಕುಳಿತವರಿಗೆ ಅದು ಏಜೆಂಟರು ಹಾಕಿಸಿದ ಹಣದಂತೆಯೇ ಕಾಣಬಹುದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಕಾಗದದಲ್ಲಿ ತೋರಿಸಿಕೊಡಬೇಕಾದವರು ನೀವು.

ಕಳೆದ ವರ್ಷ ಸುಳ್ಯದ ಕಡೆಯ ಹಿರಿಯ ಕೃಷಿಕರೊಬ್ಬರು ತಮ್ಮ ಕಾಗದಪತ್ರಗಳನ್ನು ನನಗೆ ತೋರಿಸಲು ತಂದಿದ್ದರು. ಸ್ಟೇಟ್‌ಮೆಂಟಿನಲ್ಲಿ ಒಂದೇ ದಿನ 3,80,000 ರೂಪಾಯಿ ಜಮೆಯಾಗಿತ್ತು. ಇದೇನೆಂದು ಕೇಳಿದಾಗ, ಎಂಟು ಕ್ವಿಂಟಲ್ ಅಡಿಕೆ ಕೊಟ್ಟದ್ದೆಂದೂ ಬಿಲ್ಲು ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟದ್ದಿದೆಯೆಂದೂ ಹೇಳಿದರು. ಮರುದಿನ ಆ ಬಿಲ್ಲು ಬಂತು. ಸ್ಟೇಟ್‌ಮೆಂಟಿನ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ 1 ಎಂದು ಬರೆದು, ಬಿಲ್ಲಿನ ಮೂಲೆಯಲ್ಲಿಯೂ 1 ಎಂದು ಬರೆದೆವು. ಹೀಗೆ ವರ್ಷದ ನಾಲ್ಕು ದೊಡ್ಡ ಜಮೆಗಳಿಗೆ ನಾಲ್ಕು ಬಿಲ್ಲುಗಳು ಜೊತೆಯಾದವು. ನೀವೂ ಹೀಗೆಯೇ ಮಾಡಿ. ಅಡಿಕೆಯನ್ನು ಕ್ಯಾಂಪ್ಕೊಗೆ ಕೊಟ್ಟಿರಲಿ, ಖಾಸಗಿ ಮಂಡಿಗೆ ಕೊಟ್ಟಿರಲಿ, ಮೊತ್ತವೂ ತಾರೀಕೂ ಸ್ಟೇಟ್‌ಮೆಂಟಿನೊಂದಿಗೆ ತಾಳೆಯಾಗಬೇಕು. ಹಣ ನಗದಾಗಿ ಕೈಗೆ ಬಂದು ಖರ್ಚಾಗುತ್ತಿದ್ದರೆ, ಈ ಹಂಗಾಮಿನಿಂದಲಾದರೂ ಖಾತೆಗೇ ಹಾಕಿಸಿಕೊಳ್ಳಿ. ಸಹಕಾರಿ ಸಂಘದಲ್ಲಿ ಠೇವಣಿಯಿದ್ದರೆ ಅದರ ದೃಢೀಕರಣ ಪತ್ರವನ್ನೂ ಇಡಬಹುದು. ಆದರೆ ಮುಖ್ಯ ದಾಖಲೆಯಾಗಿ ಬ್ಯಾಂಕಿನ ಸಹಿ, ಮೊಹರು ಇರುವ ಸ್ಟೇಟ್‌ಮೆಂಟ್ ಇರಲಿ.

ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆಯ ವಿನಾಯಿತಿ ಇರುವುದರಿಂದ ರಿಟರ್ನ್ಸ್ ಇಲ್ಲವೆಂಬುದು ತಪ್ಪೇನಲ್ಲ. ಆ ಮಾತನ್ನು ಅರ್ಜಿಯ ಜೊತೆಗಿನ ವಿವರಣಾ ಪತ್ರದಲ್ಲಿ ನೇರವಾಗಿ ಬರೆಯಿರಿ. ಜಮೀನಿನ ಆರ್‌ಟಿಸಿ ಕನ್ನಡದಲ್ಲಿರುವ ಕಾರಣ ಅದರ ಇಂಗ್ಲಿಷ್ ಅನುವಾದವನ್ನು ಲಗತ್ತಿಸಬೇಕು. ಅದು ಇನ್ನೂ ತಂದೆಯವರ ಅಥವಾ ತಾಯಿಯವರ ಹೆಸರಿನಲ್ಲಿದ್ದರೆ, ವಂಶವೃಕ್ಷದ ದಾಖಲೆಯನ್ನೂ, ಕೃಷಿಯನ್ನು ನಡೆಸುತ್ತಿರುವವರು ನೀವೇ ಎಂದು ಅವರು ಬರೆದುಕೊಟ್ಟ ಪತ್ರವನ್ನೂ ಸೇರಿಸಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೊಡುವುದಾದರೆ, ಅದರಲ್ಲಿರುವ ಮೊತ್ತಕ್ಕೂ ಖಾತೆಯ ವಹಿವಾಟಿಗೂ ಹೊಂದಾಣಿಕೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ವಿವರಣಾ ಪತ್ರ ಒಂದು ಪುಟ ಇದ್ದರೆ ಸಾಕು. ನೀವು ಖಂಡಿತ ಮರಳಿ ಬರುವಿರಿ ಎಂಬುದಕ್ಕೆ ನಿಮ್ಮ ಬಳಿ ಇರುವಷ್ಟು ಗಟ್ಟಿಯಾದ ಕಾರಣ ಅನೇಕ ನೌಕರಿದಾರರ ಬಳಿಯೂ ಇಲ್ಲವೆಂದೇ ನಾನು ನಂಬುತ್ತೇನೆ: ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಮೊದಲ ಮದ್ದು ಬಿಡದಿದ್ದರೆ ವರ್ಷದ ಫಸಲು ನೆಲಕ್ಕೆ ಬೀಳುತ್ತದೆ. ಮೇ ಮೂರನೆಯ ವಾರ ಊರಿನಲ್ಲಿರುವುದು ಏಕೆ ಅನಿವಾರ್ಯ, ನೀವಿಲ್ಲದ ಎರಡು ವಾರ ತೋಟಕ್ಕೆ ನೀರು ಬಿಡುವವರು ಯಾರು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ.

ಇನ್ನು ದೇಶದ ಆಯ್ಕೆ. ವಿಮಾನ ಇಳಿಯುವುದು ಪ್ಯಾರಿಸ್‌ನಲ್ಲಾದರೂ, ಹೆಚ್ಚು ದಿನ ತಂಗುವ ದೇಶ ಸ್ವಿಟ್ಜರ್ಲೆಂಡ್ ಆದ್ದರಿಂದ ಅರ್ಜಿ ಅಲ್ಲಿಗೇ ಹೋಗಬೇಕು. ದಿನಗಳು ಸಮಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ಷೆಂಗೆನ್ ಒಕ್ಕೂಟದಲ್ಲಿ ಈಗ 29 ದೇಶಗಳಿದ್ದು, ಒಂದೇ ವೀಸಾದಲ್ಲಿ ಎಲ್ಲ ಕಡೆ ಓಡಾಡಬಹುದು. ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಮೀರುವಂತಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ಇದರೊಳಗಿಲ್ಲ.

ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ಶಾಲೆಗೆ ರಜೆಯಿರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಡುವವರು ಹೆಚ್ಚು. ಹಾಗಾಗಿ ಜನವರಿಯಲ್ಲೇ ಅರ್ಜಿ ಹಾಕುವುದು ಲೇಸು. ಶುಲ್ಕ 2024ರ ಜೂನ್ 11ರಿಂದ ವಯಸ್ಕರಿಗೆ ತಲಾ 90 ಯುರೋ, ಅರ್ಜಿ ಸ್ವೀಕಾರ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಪಡೆದದ್ದಾಗಿದ್ದು, ಯುರೋಪ್ ಬಿಡುವ ದಿನದ ಬಳಿಕ ಕನಿಷ್ಠ ಮೂರು ತಿಂಗಳ ಅವಧಿ ಮತ್ತು ಎರಡು ಖಾಲಿ ಪುಟಗಳು ಉಳಿದಿರಬೇಕು. ಪ್ರವಾಸದ ವೈದ್ಯಕೀಯ ವಿಮೆ ಕನಿಷ್ಠ 30,000 ಯುರೋ ಮೊತ್ತದ್ದಾಗಿರಲಿ. ವಿಮಾನ, ಹೋಟೆಲುಗಳನ್ನು ರದ್ದು ಮಾಡಲು ಅವಕಾಶವಿರುವಂತೆ ಕಾಯ್ದಿರಿಸಿ. ವೀಸಾ ಕೈಗೆ ಬರುವ ಮೊದಲು ಹಣವನ್ನೆಲ್ಲ ಕಟ್ಟಬೇಡಿ.

ಬೆರಳಚ್ಚು ಕೊಡಲು ಬೆಂಗಳೂರಿನ ಅರ್ಜಿ ಸ್ವೀಕಾರ ಕೇಂದ್ರಕ್ಕೆ ಇಬ್ಬರೂ ಖುದ್ದಾಗಿ ಹೋಗಬೇಕು. ಅಲ್ಲಿನ ಸಿಬ್ಬಂದಿ ಕಾಗದ ಸ್ವೀಕರಿಸುವವರು ಮಾತ್ರ, ತೀರ್ಮಾನ ರಾಯಭಾರ ಕಚೇರಿಯದು. ಹತ್ತೂ ಬೆರಳುಗಳ ಅಚ್ಚು ತೆಗೆಯುತ್ತಾರೆ. ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆ ಸವೆದು ಪಡಿತರ ಅಂಗಡಿಯ ಯಂತ್ರದಲ್ಲಿಯೂ ಹೆಬ್ಬೆಟ್ಟು ಬೀಳದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅದಕ್ಕಾಗಿ ಹೊರಡುವ ಮೊದಲು ಹತ್ತು ದಿನ ಸುಲಿಯುವ ಕೆಲಸ ಬಿಟ್ಟು, ರಾತ್ರಿ ಮಲಗುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಒಮ್ಮೆ ಕೊಟ್ಟ ಅಚ್ಚನ್ನು ಮುಂದಿನ 59 ತಿಂಗಳ ಒಳಗಿನ ಅರ್ಜಿಗಳಿಗೆ ಬಳಸಿಕೊಳ್ಳಬಹುದು.

ಪ್ರಶ್ನೆ: ನಾನು ಉಡುಪಿಯ ನಿವೃತ್ತ ನೌಕರ. ಪತ್ನಿಯೊಂದಿಗೆ ಹಾಕಿದ ಷೆಂಗೆನ್ ಅರ್ಜಿ ಎರಡು ತಿಂಗಳ ಹಿಂದೆ ತಿರಸ್ಕೃತವಾಯಿತು. ಮತ್ತೆ ಹಾಕಲು ಎಷ್ಟು ಕಾಲ ಕಾಯಬೇಕು? ಹಳೆಯ ತಿರಸ್ಕಾರವನ್ನು ಹೇಳದಿದ್ದರೆ ಆದೀತೇ?

ಉತ್ತರ: ಕಾಯಬೇಕೆಂಬ ನಿಯಮವಿಲ್ಲ, ಆದರೆ ಅದೇ ಕಾಗದಗಳನ್ನು ಮತ್ತೆ ಕೊಟ್ಟರೆ ಅದೇ ಉತ್ತರ ಬರುವ ಸಂಭವವೇ ಹೆಚ್ಚು, ಮೊದಲ ಶುಲ್ಕವೂ ಮರಳಿ ಬರುವುದಿಲ್ಲ. ತಿರಸ್ಕಾರದ ಜೊತೆ ಕೊಟ್ಟ ನಮೂನೆಯನ್ನು ತೆಗೆದು ನೋಡಿ, ಅದರಲ್ಲಿ ಯಾವ ಕಾರಣಕ್ಕೆ ಗುರುತು ಹಾಕಿದ್ದಾರೆಂದು ಓದಿ. ಪ್ರವಾಸದ ಉದ್ದೇಶ ಸ್ಪಷ್ಟವಾಗಿಲ್ಲವೆಂದಿದ್ದರೆ ದಿನಕ್ಕೊಂದು ಸಾಲಿನಂತೆ ಪ್ರವಾಸದ ವಿವರ ಬರೆದು, ಪ್ರತಿ ರಾತ್ರಿಯ ವಸತಿಯನ್ನೂ ಊರಿಂದೂರಿನ ರೈಲನ್ನೂ ಅದರೊಂದಿಗೆ ಹೊಂದಿಸಿ. ಮರಳುವ ಬಗ್ಗೆ ಸಂದೇಹವೆಂದಿದ್ದರೆ ಪಿಂಚಣಿಯ ಆದೇಶ, ಸ್ವಂತ ಮನೆಯ ದಾಖಲೆ, ಇಲ್ಲಿರುವ ಕುಟುಂಬದ ವಿವರಗಳನ್ನು ಸೇರಿಸಿ. ನಿರ್ಧಾರವೇ ತಪ್ಪೆಂದು ನಿಮಗೆ ಖಚಿತವಿದ್ದರೆ ಮೇಲ್ಮನವಿಗೂ ಅವಕಾಶವಿದೆ. ವಿಧಾನ, ಗಡುವುಗಳು ಅದೇ ನಮೂನೆಯಲ್ಲಿರುತ್ತವೆ. ಮರೆಮಾಚುವ ಯೋಚನೆಯನ್ನಂತೂ ಬಿಟ್ಟುಬಿಡಿ. ಎಲ್ಲ ಷೆಂಗೆನ್ ದೇಶಗಳಿಗೂ ಕಾಣುವ ಗಣಕ ದಾಖಲೆಯಲ್ಲಿ ಅದು ಐದು ವರ್ಷ ಇರುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿರುವ ನನ್ನ ಅಮ್ಮ ದುಬಾಯಿಗೆ ನನ್ನ ಮನೆಗೆ ವಿಸಿಟ್ ವೀಸಾದಲ್ಲಿ ಬರಬೇಕೆಂದಿದ್ದಾರೆ. ಅವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಉಪನಾಮದ ಜಾಗ ಖಾಲಿಯಿದೆ. ತೊಂದರೆಯಾಗುವುದೇ?

ಉತ್ತರ: ಆಗುತ್ತದೆ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನಲ್ಲಿ ವಿಸಿಟ್ ಅಥವಾ ಪ್ರವಾಸಿ ವೀಸಾ ಪಡೆದು ಬರುವವರಿಗೆ ಯುಎಇ 2022ರ ನವೆಂಬರ್ 21ರಿಂದ ಪ್ರವೇಶ ನಿರಾಕರಿಸುತ್ತಿದೆ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪಿಕೊಳ್ಳಬಹುದೆಂಬ ಸಡಿಲಿಕೆ ಆಮೇಲೆ ಬಂತಾದರೂ, ವಯಸ್ಸಾದ ತಾಯಿಯವರನ್ನು ವಿಮಾನ ನಿಲ್ದಾಣದ ಕೌಂಟರಿನ ಎದುರು ಆ ವಾದಕ್ಕೆ ನಿಲ್ಲಿಸುವುದು ಬೇಡವೆಂದು ನನ್ನ ಅಭಿಪ್ರಾಯ. ಟಿಕೆಟ್ ಮಾಡುವ ಮೊದಲೇ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಉಪನಾಮ ಸೇರಿಸಿ ಮರುವಿತರಣೆಗೆ ಅರ್ಜಿ ಕೊಡಿಸಿ. ಆಧಾರ್ ಮುಂತಾದ ದಾಖಲೆಗಳಲ್ಲಿ ಆ ಉಪನಾಮ ಅದೇ ಅಕ್ಷರಗಳಲ್ಲಿ ಇದೆಯೇ ಎಂದು ಹೋಗುವ ಮುನ್ನ ನೋಡಿಕೊಳ್ಳಿ. ಇಲ್ಲವಾದರೆ ಮೊದಲು ಆಧಾರ್ ಸರಿಪಡಿಸಬೇಕಾಗುತ್ತದೆ.