ಪ್ರ: ಪಿತ್ತಜನಕಾಂಗ, ಮೇದೋಜೀರಕ ಗೊಂದಲಕ್ಕೆ ಏನು ನೋಡಬೇಕು?

ಮಗಳಿಗೆ ಪಿತ್ತಜನಕಾಂಗ (ಲಿವರ್), ಮೇದೋಜೀರಕ (ಪ್ಯಾಂಕ್ರಿಯಾಸ್) ಎರಡರ ಕೆಲಸ ಅದಲುಬದಲಾಗುತ್ತದೆ, ಆನ್‌ಲೈನಲ್ಲಿ ಏನು ತೋರಿಸಲಿ ಎಂದು ಕೇಳಿದ್ದೀರಿ. ಮೊದಲು ಯೂಟ್ಯೂಬಿನಲ್ಲಿ ಅಮೀಬಾ ಸಿಸ್ಟರ್ಸ್ ಅವರ ಜೀರ್ಣಾಂಗದ ವಿಡಿಯೋ ತೋರಿಸಿ. ಕಾರ್ಟೂನ್ ಇರುವುದರಿಂದ ಬೇಜಾರಾಗುವುದಿಲ್ಲ. ಇಂಗ್ಲಿಷಿನಲ್ಲಿದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಆಮೇಲೆ ಖಾನ್ ಅಕಾಡೆಮಿ ಎಂಬ ಕಲಿಕೆಯ ವೆಬ್‌ಸೈಟ್. ಅದೂ ಉಚಿತ.

ನೋಡುವಾಗ ಒಂದು ವಿಷಯ ಗಮನಿಸಲು ಹೇಳಿ. ಪಿತ್ತಜನಕಾಂಗ ತಯಾರಿಸುವ ಪಿತ್ತರಸದಲ್ಲಿ ಜೀರ್ಣ ಮಾಡುವ ಕಿಣ್ವವೇ (ಎನ್‌ಜೈಮ್) ಇಲ್ಲ! ಪಾತ್ರೆ ತೊಳೆಯುವ ಸೋಪಿನ ಹಾಗೆ ಅದು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಅಷ್ಟೇ. ಆ ಹನಿಗಳನ್ನು ಜೀರ್ಣ ಮಾಡುವುದು ಮೇದೋಜೀರಕದಿಂದ ಬರುವ ಲೈಪೇಸ್ ಎಂಬ ಕಿಣ್ವ. ಎರಡೂ ಬಂದು ಸೇರುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಇನ್ನು ಪಿತ್ತಕೋಶ ಪಿತ್ತರಸವನ್ನು ಕೂಡಿಡುತ್ತದೆ, ತಯಾರಿಸುವುದಿಲ್ಲ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ ಅಲ್ವಾ?

ಸುಮ್ನೆ ವಿಡಿಯೋ ನೋಡಿದರೆ ಸಾಲದು. ಭಾಗಗಳ ಹೆಸರಿಲ್ಲದ ಜೀರ್ಣಾಂಗದ ಚಿತ್ರ ಪ್ರಿಂಟ್ ಮಾಡಿ ಕೊಡಿ, ಹೆಸರುಗಳನ್ನು ಅವಳೇ ತುಂಬಲಿ.