ಹೆಸರಲ್ಲ, ಸಮಯ ಬರೆದುಕೊಳ್ಳಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾಹಿನಿ ಬಿಬಿಸಿ ರೇಡಿಯೋ 3 ಕೇಳುತ್ತೀರಿ, ಎಲ್ಗರ್, ಹೋಲ್ಸ್ಟ್ ಬಿಟ್ಟು ಬೇರೆ ಬ್ರಿಟಿಷ್ ಸಂಯೋಜಕರು ಬಂದರೆ ಹೆಸರೇ ಹಿಡಿಯಲಾಗುತ್ತಿಲ್ಲ ಎಂದಿದ್ದೀರಿ. ಹೆಸರಿನ ಹಿಂದೆ ಬೀಳಬೇಡಿ, ಗಡಿಯಾರ ನೋಡಿ ಸಮಯ ಗುರುತು ಹಾಕಿಕೊಳ್ಳಿ. ಸಂಯೋಜಕನ ಹೆಸರು ಕಿವಿಗೆ 'ಮೊರನ್' ಎಂದು ಬಿದ್ದದ್ದನ್ನು ಹಾಗೇ ಹುಡುಕಿದರೆ ಸಿಗುವುದಿಲ್ಲ, ಅದರ ಕಾಗುಣಿತ ಎಂ-ಓ-ಇ-ಆರ್-ಎ-ಎನ್. ಬಿಬಿಸಿ ಜಾಲತಾಣದಲ್ಲಿ ಆ ದಿನದ ಕಾರ್ಯಕ್ರಮದ ಪುಟ ತೆಗೆದು ನಿಮ್ಮ ಸಮಯಕ್ಕೆ ಹೊಂದಿಸಿ ನೋಡಿ, ಅಲ್ಲಿ ಸಂಯೋಜಕ, ಕೃತಿ, ನುಡಿಸಿದವರು ಎಲ್ಲವೂ ಪಟ್ಟಿಯಾಗಿರುತ್ತದೆ.

ಬೆಳಗಿನ ಹೊತ್ತು ಅನೇಕ ಸಲ ಒಂದೇ ಮೂವ್‌ಮೆಂಟ್, ಅಂದರೆ ಕೃತಿಯ ಒಂದು ಭಾಗ ಮಾತ್ರ ಹಾಕುತ್ತಾರೆ, ಅದೇ ಇಡೀ ಕೃತಿ ಎಂದುಕೊಂಡರೆ ಮೋಸ. ಪಟ್ಟಿಯಲ್ಲಿ ಆವರಣದೊಳಗೆ ಮೂವ್‌ಮೆಂಟಿನ ಹೆಸರಿದೆಯೇ ನೋಡಿ, ಇದ್ದರೆ ಪೂರ್ತಿ ಧ್ವನಿಮುದ್ರಣ ಹುಡುಕಿ. 'ವಿಲಿಯಮ್ಸ್' ಎಂದಷ್ಟೇ ಕೇಳಿಸಿದರೂ ಎಚ್ಚರ: ತಂತಿವಾದ್ಯಗಳಿಗೆ 'ಸೀ ಸ್ಕೆಚಸ್' ಬರೆದದ್ದು ವೇಲ್ಸ್‌ನ ಗ್ರೇಸ್ ವಿಲಿಯಮ್ಸ್, ಇಂಗ್ಲೆಂಡಿನ ಹೆಸರಾಂತ ಸಂಯೋಜಕ ವಾನ್ ವಿಲಿಯಮ್ಸ್ ಅಲ್ಲ.

ರೇಡಿಯೋ 3ರ 'ಕಂಪೋಸರ್ ಆಫ್ ದ ವೀಕ್' ಕಾರ್ಯಕ್ರಮ ಮಾತ್ರ ಬಿಡಬೇಡಿ. 1943ರಲ್ಲಿ ಶುರುವಾದದ್ದು. ವಾರಕ್ಕೊಬ್ಬ ಸಂಯೋಜಕ, ಸೋಮವಾರದಿಂದ ಶುಕ್ರವಾರ.

ಕಿವಿ ಪಳಗಿಸಲು ಮೊದಲು ಬಟರ್‌ವರ್ತ್‌ನ 'ದ ಬ್ಯಾಂಕ್ಸ್ ಆಫ್ ಗ್ರೀನ್ ವಿಲ್ಲೋ' ಕೇಳಿ, ಆರೇ ನಿಮಿಷ. ಆಮೇಲೆ ಫಿಂಜಿಯ 'ಎಕ್ಲಾಗ್'. ಅದು ಪಿಯಾನೋ ಒಂದೇ ಮೆಲ್ಲಗೆ ನಡೆಯುತ್ತಾ ಶುರುವಾಗಿ, ತಂತಿಗಳು ಸದ್ದಿಲ್ಲದೆ ಜೊತೆಗೂಡುವ ಕೃತಿ. ಕೊನೆಗೆ ಜಾನ್ ಫೋಲ್ಡ್ಸ್‌ರ 'ಥ್ರೀ ಮಂತ್ರಾಸ್', ಸುಮಾರು 25 ನಿಮಿಷ. ನಡುವಿನ ಭಾಗದಲ್ಲಿ ಸಾಹಿತ್ಯವಿಲ್ಲದೆ ಹೆಂಗಸರ ದನಿಗಳು ತೇಲಿಬರುತ್ತವೆ. ಫೋಲ್ಡ್ಸ್ 1935ರಲ್ಲಿ ಭಾರತಕ್ಕೆ ಬಂದು, ದೆಹಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡು, 1939ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು. ನಮ್ಮವರು ಇವರನ್ನು ಇನ್ನಷ್ಟು ಕೇಳಬೇಕು.